ಊಟ ಆದ ಮೇಲೆ ಒಂದು ಮಾತ್ರೆ

ನನ್ನ ಮೈನೋವಿಗೂ ಒಂದು ಹೆಸರಿದೆ ಎಂದು ಗೊತ್ತಾದ ದಿನ ನನಗೆ ಖುಷಿಯಾಯಿತು ಎಂದರೆ ನೀವು ನಗಬಹುದು. ಅಲ್ಲಿಯವರೆಗೆ ಅದಕ್ಕಿದ್ದ ಹೆಸರು ಸೋಮಾರಿತನ ಒಂದೇ. ಯಾರೂ ಬಾಯಿಬಿಟ್ಟು ಹಾಗೆ ಅಂದಿರಲಿಲ್ಲ, ನಾನೇ ಅಂದುಕೊಳ್ಳುತ್ತಿದ್ದೆ. ಎಕ್ಸ್‌ರೇ ಸರಿಯಾಗಿತ್ತು, ರಕ್ತ ಸರಿಯಾಗಿತ್ತು, ನೋಡುವವರ ಕಣ್ಣಿಗೆ ನಾನು ಗುಂಡುಗುಂಡಾಗಿ ಚೆನ್ನಾಗಿಯೇ ಇದ್ದೆ. ಆದರೆ ಒದ್ದೆ ಬಟ್ಟೆ ಹಿಂಡಲು ಹೋದರೆ ಹೆಗಲಿನಿಂದ ಮುಂಗೈವರೆಗೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗಾಗುತ್ತಿತ್ತು. ರಾತ್ರಿಯೆಲ್ಲ ಹೊರಳಾಡಿ ಬೆಳಿಗ್ಗೆ ಎದ್ದರೆ ಮಲಗುವ ಮುಂಚೆ ಇದ್ದದ್ದಕ್ಕಿಂತ ಹೆಚ್ಚು ಸುಸ್ತು. ಕಾಣದ ನೋವನ್ನು ಹೇಳಿಕೊಳ್ಳುವುದೆಂದರೆ ಸುಳ್ಳು ಹೇಳಿದ ಹಾಗೆಯೇ ಅನ್ನಿಸುತ್ತಿತ್ತು.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾವಾಗ ವಿಜಯನಗರದಲ್ಲಿದ್ದೆವು. ಮನೆಯಲ್ಲಿ ನಾನು, ನಮ್ಮ ಯಜಮಾನರು, ಶಾಲೆಗೆ ಹೋಗುವ ಮಗಳು ಮತ್ತು ಅತ್ತೆ. ಯಜಮಾನರಿಗೆ ನಾಯಂಡಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಮಾವನವರೂ ಅಲ್ಲೇ ದುಡಿದು, ರಿಟೈರ್ ಆಗಿ ಸ್ವಲ್ಪ ವರ್ಷಕ್ಕೆ ತೀರಿಕೊಂಡಿದ್ದರು. ಹಾಗಾಗಿ ನಮ್ಮ ಮನೆ ಎರಡು ತಲೆಮಾರಿನಿಂದ ಶಿಫ್ಟಿನ ಪ್ರಕಾರವೇ ಏಳುತ್ತಿತ್ತು, ಮಲಗುತ್ತಿತ್ತು. ಫಸ್ಟ್ ಶಿಫ್ಟ್ ಇದ್ದರೆ ಬೆಳಕು ಹರಿಯುವ ಮೊದಲೇ ಊಟದ ಡಬ್ಬಿ ಕಟ್ಟಬೇಕು. ಸೆಕೆಂಡ್ ಶಿಫ್ಟ್ ಇದ್ದರೆ ಮಧ್ಯಾಹ್ನ ಹೋದವರು ಮನೆ ಸೇರುವ ಹೊತ್ತಿಗೆ ರಾತ್ರಿ ಹನ್ನೊಂದು. ಅವರು ಬಂದು, ಕೈಕಾಲು ತೊಳೆದು, ತಟ್ಟೆಯ ಮುಂದೆ ಕೂತ ಮೇಲೆಯೇ ಹೆಂಡತಿಯ ಊಟ. ಅತ್ತೆ ತಮ್ಮ ಕಾಲದಲ್ಲಿ ಹಾಗೆ ಮಾಡಿದ್ದರು, ನಾನೂ ಹಾಗೇ ಮಾಡುತ್ತಿದ್ದೆ. ಬೀದಿಯ ಶಿಫ್ಟಿನ ಮನೆಗಳಲ್ಲೆಲ್ಲ ಅದೇ ರೂಢಿ, ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ರಾಜಾಜಿನಗರದ ಒಬ್ಬ ವಯಸ್ಸಾದ ಡಾಕ್ಟರು ನನ್ನ ಕತ್ತು, ಮೊಣಕೈ, ಮಂಡಿಯ ಒಳಬದಿಗಳನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿದರು. ಒತ್ತಿದ ಕಡೆಯೆಲ್ಲ ಕಣ್ಣಲ್ಲಿ ನೀರು ಬಂತು. ಇದಕ್ಕೆ ಫೈಬ್ರೊಸೈಟಿಸ್ ಅನ್ನುತ್ತಾರೆ ಎಂದರು. ಈಗ ಅದನ್ನೇ ಫೈಬ್ರೊಮಯಾಲ್ಜಿಯ ಅನ್ನುತ್ತಾರೆ, ಟೀವಿಯಲ್ಲಿ ಕೂತು ಮಾತಾಡುತ್ತಾರೆ. ಆಗ ಆ ಹೆಸರನ್ನು ನಮ್ಮ ಬೀದಿಯಲ್ಲಿ ಹೇಳಿದ್ದರೆ ಯಾವುದೋ ಬಟ್ಟೆಯ ಜಾತಿ ಅಂದುಕೊಳ್ಳುತ್ತಿದ್ದರು.

“ರಾತ್ರಿ ಊಟ ಆದ ಮೇಲೆ ಒಂದು ಮಾತ್ರೆ. ಬಾಯಿ ಒಣಗುತ್ತೆ, ಮಂಪರಿರುತ್ತೆ, ಹೊಟ್ಟೆ ಕಟ್ಟಿಕೊಳ್ಳಬಹುದು. ಸ್ವಲ್ಪ ದಿನ ತಡ್ಕೊಳ್ಳಿ, ಒಗ್ಗಿಹೋಗುತ್ತೆ. ನೋವು ನಿಧಾನಕ್ಕೆ ಇಳಿಯುತ್ತೆ, ಅವಸರ ಬೇಡ” ಎಂದರು.

ನಾನು ಮಾತ್ರೆ ಶುರು ಮಾಡಿದ್ದು ಸೆಕೆಂಡ್ ಶಿಫ್ಟಿನ ವಾರದಲ್ಲಿ. ಡಾಕ್ಟರು ಹೇಳಿದ್ದೆಲ್ಲ ಒಂದೊಂದಾಗಿ ಬಂತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಮಗಳಿಗೆ ಪಾಠ ಹೇಳಿಕೊಡಲು ಹೋದರೆ ಮಾತೇ ಹೊರಡುತ್ತಿರಲಿಲ್ಲ. ಅವಲಕ್ಕಿ ತಿಂದರೆ ಗಂಟಲಲ್ಲೇ ಕೂತುಬಿಡುತ್ತಿತ್ತು. ದವಡೆಯಲ್ಲಿ ಒಂದು ಲವಂಗ ಇಟ್ಟುಕೊಂಡು, ಪಕ್ಕದಲ್ಲಿ ಒಂದು ಚೊಂಬು ನೀರಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುವುದನ್ನು ಅಭ್ಯಾಸ ಮಾಡಿಕೊಂಡೆ. ಹೊಟ್ಟೆಗೆ ಸೊಪ್ಪು, ಬಾಳೆಹಣ್ಣು, ನೆನೆಸಿದ ಒಣದ್ರಾಕ್ಷಿ. ಧಡಕ್ಕನೆ ಎದ್ದರೆ ಕಣ್ಣು ಕತ್ತಲೆ ಬರುತ್ತಿತ್ತು, ಅದಕ್ಕೆ ಹಾಸಿಗೆಯಲ್ಲಿ ಸ್ವಲ್ಪ ಹೊತ್ತು ಕೂತು, ಗೋಡೆ ಹಿಡಿದು ಏಳುತ್ತಿದ್ದೆ. ಇವನ್ನೆಲ್ಲ ಹೇಗೋ ಸಂಭಾಳಿಸಿದೆ. ಸಂಭಾಳಿಸಲಾಗದೆ ಹೋದದ್ದು ನಿದ್ದೆ ಒಂದನ್ನೇ.

ಮೊದಲ ದಿನ ಎಚ್ಚರವಾದಾಗ ನಡುಮನೆಯಲ್ಲಿ ಬಿಸಿಲು ಬಿದ್ದಿತ್ತು. ಅತ್ತೆ ನೀರು ಹಿಡಿದು, ಹಾಲು ಕಾಯಿಸಿ, ಮೊಮ್ಮಗಳಿಗೆ ಎರಡು ಜಡೆ ಹೆಣೆದು ಶಾಲೆಗೆ ಕಳಿಸಿ ಆಗಿತ್ತು. ನಮ್ಮ ಕಡೆ ನೀರು ಬರುತ್ತಿದ್ದದ್ದೇ ನಸುಕಿನಲ್ಲಿ, ಅದೂ ಜೋರಿಲ್ಲದೆ. ಹಾಗಾಗಿ ನಲ್ಲಿಯನ್ನು ಅಂಗಳದ ಒಂದು ಗುಂಡಿಯೊಳಗೆ ಇಳಿಸಿದ್ದರು. ಬಗ್ಗಿ, ಕೊಡ ಇಟ್ಟು, ತುಂಬಿದ ಮೇಲೆ ಎತ್ತಬೇಕು. ಅರವತ್ತು ದಾಟಿದ ಹೆಂಗಸು ಅದನ್ನು ಮಾಡುತ್ತಿದ್ದರೆ, ಮೂವತ್ತರ ಆಚೀಚಿನ ನಾನು ಬಾಯಿ ತೆರೆದುಕೊಂಡು ಮಲಗಿದ್ದೆ.

ಅತ್ತೆ ಬಾಗಿಲಿಗೆ ನೀರು ಹಾಕುತ್ತಿದ್ದರು, ಆದರೆ ರಂಗೋಲಿ ಇಡುತ್ತಿರಲಿಲ್ಲ. ಮಾವನವರು ಹೋದ ಮೇಲೆ ಅವರು ರಂಗೋಲಿ ಪುಡಿ ಮುಟ್ಟಿರಲಿಲ್ಲ, ಮುಟ್ಟಿ ಎಂದು ಹೇಳುವ ಧೈರ್ಯ ನನಗೂ ಇರಲಿಲ್ಲ. ರಂಗೋಲಿ ಇಲ್ಲದ ಬಾಗಿಲೆಂದರೆ ಒಳಗೆ ಸಾವೋ ತಿಥಿಯೋ ಇರಬೇಕು ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಎದುರುಮನೆಯಾಕೆ ಒಂದು ಬೆಳಿಗ್ಗೆ ಬಂದೇಬಿಟ್ಟರು.

“ಏನಾಯ್ತಮ್ಮ, ಎಲ್ಲ ಚೆನ್ನಾಗಿದೀರ ತಾನೇ? ಬಾಗಿಲು ಬೋಳಾಗಿದೆ, ಎದೆ ಧಸಕ್ ಅಂತು.”

“ಸೊಸೆಗೆ ಮೈ ಸರಿ ಇಲ್ಲ ಕಣವ್ವ, ಮಾತ್ರೆ ತಗೊಂಡಿದಾಳೆ” ಎಂದರು ಅತ್ತೆ. ಅಷ್ಟೇ. ಗೊಣಗಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. ಅವರು ನಾಲ್ಕು ಮಾತು ಅಂದಿದ್ದರೆ ನಾನು ಎಂಟು ಮಾತು ಆಡಿ ಹಗುರಾಗುತ್ತಿದ್ದೆ. ಮಲಗಿದ್ದಲ್ಲೇ ಎಲ್ಲವನ್ನೂ ಕೇಳಿಸಿಕೊಂಡೆ. ಎದ್ದು ಬರೋಣವೆಂದರೆ ಕೈಕಾಲು ನನ್ನವೇ ಅಲ್ಲ ಎನ್ನುವ ಹಾಗೆ ಬಿದ್ದಿದ್ದವು.

ಆಮೇಲೆ ಫಸ್ಟ್ ಶಿಫ್ಟ್ ಬಂತು. ಅಲಾರಂಗೆ ಎದ್ದೆ. ಸ್ವಲ್ಪ ತೂಗಾಡಿದರೂ ಡಬ್ಬಿ ಕಟ್ಟಿದೆ, ನೀರು ಹಿಡಿದೆ, ರಂಗೋಲಿಯನ್ನೂ ಇಟ್ಟೆ. ಒಗ್ಗಿತು ಬಿಡು ಎಂದುಕೊಂಡೆವು ಎಲ್ಲರೂ. ಆ ದಿನಗಳಲ್ಲೇ ಒಂದು ಬೆಳಿಗ್ಗೆ ಹೊದಿಕೆಯೊಂದನ್ನು ಪೂರ್ತಿ ಹಿಂಡಿ, ಹಗ್ಗಕ್ಕೆ ಹಾಕಿ, ತೋಳು ಇನ್ನೂ ನೋಯಲಿಲ್ಲವಲ್ಲ ಎಂದು ಕಾಯುತ್ತಾ ನಿಂತೆ. ನೋಯಲೇ ಇಲ್ಲ. ನೋವಿಲ್ಲದೆ ಹಾಗೆ ಬಟ್ಟೆ ಹಿಂಡಿ ಎಷ್ಟು ವರ್ಷಗಳಾಗಿದ್ದವೋ. ಹಗ್ಗದ ಕೆಳಗೆ ನಿಂತು ಅತ್ತುಬಿಟ್ಟೆ.

ಸೆಕೆಂಡ್ ಶಿಫ್ಟ್ ಮತ್ತೆ ಬಂತು, ಹಾಳು ನಿದ್ದೆಯೂ ಮತ್ತೆ ಬಂತು. ಈ ಸಲ ನನಗೆ ನನ್ನ ಮೇಲೆಯೇ ಅನುಮಾನ. ಮಾತ್ರೆ ಅದೇ, ಮೈಯೂ ಅದೇ. ಗಂಡನಿಗೆ ಡಬ್ಬಿ ಕಟ್ಟಬೇಕಾದ ವಾರ ಏಳಲು ಆಗುತ್ತದೆ, ಅವರೂ ಮಲಗಿರುವ ವಾರ ಆಗುವುದಿಲ್ಲ. ಹಾಗಾದರೆ ಇದು ಕಳ್ಳನಿದ್ದೆಯಲ್ಲದೆ ಇನ್ನೇನು? ಅತ್ತೆ ಇದ್ದಾರೆ, ಮಾಡುತ್ತಾರೆ ಎಂದು ಮೈ ಸದರ ತೆಗೆದುಕೊಂಡಿದೆ ಎಂದೇ ತೀರ್ಮಾನಿಸಿದೆ. ಎರಡು ಅಲಾರಂ ಇಟ್ಟೆ. ಎರಡನ್ನೂ ಅತ್ತೆಯೇ ಬಂದು ನಿಲ್ಲಿಸಿದರಂತೆ.

ಒಂದು ದಿನ ತಡವರಿಸುತ್ತಾ ಹೊರಗೆ ಬಂದಾಗ ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ತುಂಬಿದ ಕೊಡ. ಸೊಂಟ ಹಿಡಿದುಕೊಂಡು ಉಸಿರು ಎಳೆದುಕೊಳ್ಳುತ್ತಿದ್ದರು. ನಾನು ಕೊಡಕ್ಕೆ ಕೈ ಹಾಕಿದೆ.

“ಬಿಡು, ಬೀಳ್ತೀಯ. ಇನ್ನೂ ಕಣ್ಣೇ ಬಿಡಕ್ಕಾಗ್ತಿಲ್ಲ ನಿಂಗೆ. ಹೋಗಿ ಮಲ್ಕೋ” ಎಂದರು.

ಆ ಒಂದು ಮಾತು ನನ್ನನ್ನು ಕೊಂದುಹಾಕಿತು. ನನ್ನ ಹೆಗಲಿನ ನೋವನ್ನು ತೆಗೆದು ಈ ಮುದುಕಿಯ ಸೊಂಟಕ್ಕೆ ಕಟ್ಟಿದ ಹಾಗಾಯಿತಲ್ಲ. ಮಾತ್ರೆ ಬಿಟ್ಟುಬಿಡುವುದೆಂದು ಆಗಲೇ ನಿಶ್ಚಯಿಸಿದೆ. ನೋವು ವಾಪಸ್ಸು ಬರುತ್ತದೆ, ಬರಲಿ. ನೋವಿದ್ದಾಗ ನಾನು ಕನಿಷ್ಠ ಏಳುತ್ತಿದ್ದೆ. ಆದರೂ ಡಾಕ್ಟರಿಗೆ ಒಂದು ಮಾತು ಹೇಳದೆ ಬಿಡುವುದು ಬೇಡವೆಂದು ಅವತ್ತು ಸಂಜೆ ರಾಜಾಜಿನಗರದ ಬಸ್ಸು ಹತ್ತಿದೆ.

“ನೋವು ಹೇಗಿದೆಯಮ್ಮ?” ಎಂದರು ಡಾಕ್ಟರು.

“ಅರ್ಧಕ್ಕರ್ಧ ಕಮ್ಮಿಯಾಗಿದೆ. ಆದ್ರೂ ಮಾತ್ರೆ ಬಿಟ್ಬಿಡ್ತೀನಿ.”

“ಮತ್ಯಾಕೆ ಬಿಡ್ತೀರ?”

“ಮನೆ ನಡೀಬೇಕಲ್ಲ ಡಾಕ್ಟ್ರೇ. ಬೆಳಿಗ್ಗೆ ಏಳಕ್ಕಾಗಲ್ಲ. ವಯಸ್ಸಾದೋರು ನೀರು ಹೊರ್ತಾರೆ, ನಾನು ಬಿದ್ಕೊಂಡಿರ್ತೀನಿ.”

“ದಿನಾ ಹೀಗೇನಾ?”

ಇಲ್ಲ, ಫಸ್ಟ್ ಶಿಫ್ಟಿನ ವಾರದಲ್ಲಿ ಸರಿಯಿರುತ್ತೇನೆ, ಸೆಕೆಂಡ್ ಶಿಫ್ಟಿನ ವಾರದಲ್ಲಿ ಮಾತ್ರ ಹೀಗೆ, ಬಹುಶಃ ನನ್ನದೇ ಮೈಗಳ್ಳತನ ಎಂದೆ. ಕಟಕಟೆಯಲ್ಲಿ ನಿಂತವರ ಹಾಗೆ ತಲೆ ತಗ್ಗಿಸಿಕೊಂಡೇ ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು. “ಸೆಕೆಂಡ್ ಶಿಫ್ಟಲ್ಲಿ ನೀವು ಊಟ ಮಾಡೋದು ಎಷ್ಟೊತ್ತಿಗೆ?”

“ಅವರು ಬಂದ ಮೇಲೆ. ಹನ್ನೊಂದೂವರೆ ಆಗುತ್ತೆ. ಫಸ್ಟ್ ಶಿಫ್ಟಲ್ಲಾದ್ರೆ ಎಂಟಕ್ಕೆಲ್ಲ ಆಗೋಗುತ್ತೆ.”

“ನಾನು ಊಟ ಆದ ಮೇಲೆ ಅಂದಿದ್ದು ನಮ್ಮನೆ ಊಟದ ಲೆಕ್ಕದಲ್ಲಿ. ಏಳೂವರೆ, ಎಂಟು. ನಿಮ್ಮನ್ನ ಕೇಳ್ಬೇಕಿತ್ತು” ಎಂದರು ಡಾಕ್ಟರು. ಮಾತ್ರೆಯ ಮಂಪರು ಇಷ್ಟು ಗಂಟೆ ಅಂತ ಇರುತ್ತದೆ, ತಡವಾಗಿ ನುಂಗಿದರೆ ತಡವಾಗಿ ಇಳಿಯುತ್ತದೆ, ಅದರಲ್ಲಿ ಮೈಗಳ್ಳತನದ ಮಾತೇ ಇಲ್ಲ ಎಂದು ಬಿಡಿಸಿ ಹೇಳಿದರು.

“ಹಾಗಾದ್ರೆ ಮಾತ್ರೆ ಮೊದ್ಲು ತಗೊಂಡು ಊಟ ಆಮೇಲೆ ಮಾಡ್ಲಾ?”

“ಮಾಡಿ ನೋಡಿ. ಹತ್ತು ಗಂಟೆಗೆ ಕೂತಲ್ಲೇ ತೂಕಡಿಸ್ತೀರ. ಒಲೆ ಮುಂದೆ ಬೇರೆ. ಏಳು ಗಂಟೆಗೆ ಊಟ ಮಾಡಿ, ಮಾತ್ರೆ ನುಂಗಿ, ಹೊತ್ತಿಗೆ ಮಲಗಿ. ಬೆಳಿಗ್ಗೆ ಎದ್ದೇಳ್ತೀರ.”

ಹಗುರಾಗಿ ಮನೆಗೆ ಬರಬೇಕಿತ್ತು ನಾನು. ಬರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದರೂ ತಲೆಯಲ್ಲಿ ಒಂದೇ ಚಿತ್ರ. ಎಂಟು ಗಂಟೆ ಮೆಷೀನಿನ ಮುಂದೆ ನಿಂತು ಹಸಿದುಕೊಂಡು ಬಂದ ಮನುಷ್ಯ, ತಣ್ಣಗಾದ ಸಾರು, ಹೊಟ್ಟೆತುಂಬ ತಿಂದು ಗೊರಕೆ ಹೊಡೆಯುವ ಹೆಂಡತಿ. ಅತ್ತೆಯ ಸೊಂಟ ಉಳಿಸಲು ಹೋದರೆ ಗಂಡನ ಹೊಟ್ಟೆ ಎದುರಿಗೆ ಬಂದು ನಿಲ್ಲುತ್ತಿತ್ತು. ಯಾವ ಕಡೆಯಿಂದ ನೋಡಿದರೂ ನಾನು ಚೆನ್ನಾಗಿರಬೇಕಾದರೆ ಇನ್ನೊಬ್ಬರು ಕಷ್ಟಪಡಲೇಬೇಕು.

ನಡುವೆ ಒಂದು ಫಸ್ಟ್ ಶಿಫ್ಟಿನ ವಾರ ಕಳೆಯಿತು. ನಾಳೆಯಿಂದ ಮತ್ತೆ ಸೆಕೆಂಡ್ ಶಿಫ್ಟ್ ಎನ್ನುವ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ವಿಷಯ ತೆಗೆದೆ. ಮಗಳು ಹೊರಗೆ ಆಡುತ್ತಿದ್ದಳು. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು, ಇವರು ಗೋಡೆಗೆ ಒರಗಿ ಕೂತಿದ್ದರು. ಡಾಕ್ಟರು ಹೇಳಿದ್ದನ್ನು ಸುತ್ತಿಬಳಸಿ ಹೇಳಿದೆ.

“ಸರಿ, ಹಾಗೇ ಮಾಡು” ಎಂದರು ಇವರು.

“ಹೇಗ್ರೀ ಮಾಡ್ಲಿ? ನೀವು ಹಸ್ಕೊಂಡು ಬರೋ ಹೊತ್ತಿಗೆ ನಾನು ತಿಂದು ಮಲ್ಗಿರೋದಾ? ನನ್ನ ಕೈಲಾಗಲ್ಲ. ಮಾತ್ರೇನೇ ಬಿಟ್ಬಿಡ್ತೀನಿ.”

ಇವರು ಅಮ್ಮನ ಕಡೆ ನೋಡಿದರು, ಆಮೇಲೆ ನೆಲ ನೋಡಿದರು. ಪಂಚೆಯ ಅಂಚನ್ನು ಸುಮ್ಮನೆ ಮಡಿಸಿದರು, ಬಿಡಿಸಿದರು.

“ನಾನು ಹಸ್ಕೊಂಡು ಬರಲ್ಲ ಕಣೇ.”

“ಅಂದ್ರೆ?”

“ಕ್ಯಾಂಟೀನಲ್ಲಿ ಎಂಟು ಗಂಟೆಗೆ ಊಟ ಕೊಡ್ತಾರೆ. ಅನ್ನ, ಸಾರು, ಪಲ್ಯ, ಮಜ್ಜಿಗೆ. ಸೆಕೆಂಡ್ ಶಿಫ್ಟಿನೋರಿಗೆಲ್ಲ.”

ಕ್ಯಾಂಟೀನು ಎಂದರೆ ಟೀ, ಬೋಂಡ ಎಂದಷ್ಟೇ ನಾನು ತಿಳಿದಿದ್ದೆ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

“ಮತ್ತೆ ಮನೇಗ್ಬಂದು ಮುದ್ದೆ ಉಣ್ತಿದ್ದದ್ದು?”

“ನೀನು ಉಪವಾಸ ಕಾಯ್ಕೊಂಡು ಕೂತಿರ್ತಿದ್ದೆಯಲ್ಲ. ಮದುವೆಯಾದ ಹೊಸದ್ರಲ್ಲಿ ಹೇಳಕ್ಕಾಗ್ಲಿಲ್ಲ. ಆಮೇಲೆ ಹೇಳಿದ್ರೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತೀಯ ಅಂತ ಹೇಳ್ಲಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಅದೆಷ್ಟು ರಾತ್ರಿ ಹೆಗಲು ಸಿಡಿಯುತ್ತಿದ್ದರೂ ಗೋಡೆಗೆ ಒರಗಿಕೊಂಡು ಬೀದಿಯಲ್ಲಿ ಹೆಜ್ಜೆ ಸಪ್ಪಳಕ್ಕೆ ಕಾದಿದ್ದೆ. ಈ ಮನುಷ್ಯ ಉಂಡುಬಂದು, ನನಗೋಸ್ಕರ ಇನ್ನೊಂದು ಸಲ ಉಂಡು, ಹೊಟ್ಟೆ ಭಾರ ಮಾಡಿಕೊಂಡು ಮಲಗುತ್ತಿದ್ದ. ಚೆನ್ನಾಗಿ ಬೈಯಬೇಕೆಂದು ಬಾಯಿ ತೆರೆದವಳು ಅವರ ಮುಖ ನೋಡಿ ಸುಮ್ಮನಾದೆ. ಇಷ್ಟು ದಿನ ಕನ್ನಡಿಯಲ್ಲಿ ನಾನು ಕಾಣುತ್ತಿದ್ದ ಮುಖವೇ ಅದು. ನನ್ನಷ್ಟೇ ತಪ್ಪಿತಸ್ಥರ ಹಾಗೆ ಕೂತಿದ್ದರು.

ಮೊರದ ಸದ್ದು ನಿಂತದ್ದು ಆಗ ನನ್ನ ಗಮನಕ್ಕೆ ಬಂತು.

“ಆ ಊಟ ಯಾವಾಗಿಂದ ಕೊಡ್ತಾರೋ?” ಎಂದರು ಅತ್ತೆ.

“ಮೊದಲಿಂದ್ಲೂ ಇದೆಯಮ್ಮ. ಅಪ್ಪನ ಕಾಲದಿಂದ...” ಎಂದವರು ಅರ್ಧಕ್ಕೇ ನಿಲ್ಲಿಸಿದರು. ನಿಲ್ಲಿಸುವಷ್ಟರಲ್ಲಿ ಮಾತು ಆಚೆ ಬಂದಾಗಿತ್ತು.

ಅತ್ತೆ ಅಕ್ಕಿಯನ್ನೇ ನೋಡುತ್ತಾ ಕೂತರು. ಬೆರಳು ಅಕ್ಕಿಯ ಮೇಲೇ ಇತ್ತು, ಆರಿಸುತ್ತಿರಲಿಲ್ಲ.

“ಅದಕ್ಕೇ ಇರ್ಬೇಕು” ಎಂದರು. “ನಿಮ್ಮಪ್ಪಂಗೆ ಎರಡನೇ ಮುದ್ದೆ ಇಡಕ್ಕೋದ್ರೆ ತಟ್ಟೆ ಮೇಲೆ ಕೈ ಅಡ್ಡ ಇಡೋರು. ಬಾಯಲ್ಲಿ ಏನೂ ಅನ್ನೋರಲ್ಲ. ನನ್ನ ಕೈ ಅಡುಗೆ ಅವರಿಗೆ ಹಿಡಿಸ್ಲೇ ಇಲ್ಲ ಅಂದ್ಕೊಂಡಿದ್ದೆ ನಾನು. ಅವರು ಹೋಗೋವರೆಗೂ ಹಾಗೇ ಅಂದ್ಕೊಂಡಿದ್ದೆ.”

ಅವರು ಅಳಲಿಲ್ಲ. ನಾನು ಡಾಕ್ಟರ ಹತ್ತಿರ ಹೋಗದೇ ಇದ್ದಿದ್ದರೆ, ಈ ಮಾತು ತೆಗೆಯದೇ ಇದ್ದಿದ್ದರೆ, ಈ ಜೀವಕ್ಕೆ ಇದು ಗೊತ್ತಾಗುತ್ತಲೇ ಇರಲಿಲ್ಲ ಎನ್ನಿಸಿ ನನಗೆ ಮತ್ತೆ ಅದೇ ಸಂಕಟ. ಗೊತ್ತಾದದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ, ಇವತ್ತಿಗೂ ನನಗೆ ತಿಳಿದಿಲ್ಲ.

ಮಾರನೆಯ ದಿನ ಇವರು ಮಧ್ಯಾಹ್ನದ ಶಿಫ್ಟಿಗೆ ಹೋದರು. ಏಳು ಗಂಟೆಗೆ ಅತ್ತೆ ಮಗಳ ತಟ್ಟೆಯ ಪಕ್ಕದಲ್ಲಿ ನನ್ನ ತಟ್ಟೆಯನ್ನೂ ಇಟ್ಟು ಕರೆದರು. ಕೂತೆ. ಹಸಿವಿದ್ದದ್ದು ನಿಜ, ಈ ಮಾತ್ರೆ ಶುರುವಾದಾಗಿನಿಂದ ಹಸಿವು ಹೆಚ್ಚೇ. ಆದರೂ ಗಂಡನಿಗಿಂತ ಮೊದಲು ಎರಡನೇ ಸಲ ಬಡಿಸಿಕೊಳ್ಳುವುದೆಂದರೆ ಏನು. ಅತ್ತೆ ಮುದ್ದೆ ಹಿಡಿದು ಬಗ್ಗಿದಾಗ ನಾನು ತಟ್ಟೆಗೆ ಕೈ ಅಡ್ಡ ಹಿಡಿದೆ.

ಅತ್ತೆ ಹಾಗೇ ನಿಂತರು. ಆಮೇಲೆ ಇನ್ನೊಂದು ಕೈಯಿಂದ ನನ್ನ ಮಣಿಕಟ್ಟನ್ನು ಹಿಡಿದರು.

“ಬೇಡ ಅಂದ್ರೆ ಬೇಡ ಅಂತ ಬಾಯಿಬಿಟ್ಟು ಹೇಳು. ಬೇಕು ಅಂದ್ರೆ ಬೇಕು ಅನ್ನು. ಹೀಗೆ ಕೈ ಅಡ್ಡ ಇಡಬೇಡ ಕಣೇ ನನಗೆ.”

“ಬೇಕು ಅತ್ತೆ” ಎಂದು ಕೈ ತೆಗೆದೆ.