ಮುತ್ತಾತನ ಕಷಾಯ

ಪುಟದ ಮೂಲೆಯಲ್ಲಿ ಪೆನ್ಸಿಲಿನ ಬರಹ: ಬೆಲ್ಲ, ಅಳಲೆಕಾಯಿ, ನೀರು, ಮೂರು ದಿನ ನೆನೆಸುವುದು.

ಆಸ್ಟಿನ್‌ನಿಂದ ಮೂರು ಗಂಟೆ ದಾರಿಯ ಕಾಪೆಲ್ ಊರಿನಲ್ಲಿ ನಾನು ಉಳಿದಿದ್ದ ಮನೆಯ ಶಾರದಾ ಆಂಟಿಯ ಮುತ್ತಾತ ನೂರು ವರ್ಷದ ಹಿಂದೆ ಮೈಸೂರು ಕಡೆ ಸೇತುವೆ ಕಟ್ಟಿಸಿದ ಎಂಜಿನಿಯರ್. ಅವರ ನೋಟ್‌ಬುಕ್ಕನ್ನು ಆಸ್ಟಿನ್‌ನ ಗ್ರಂಥಾಲಯವೊಂದಕ್ಕೆ ತಲುಪಿಸುವ ಕೆಲಸ ನನ್ನದಾಗಿತ್ತು. ಈ ಪುಟವನ್ನು ಮಾತ್ರ ಉಳಿಸಿಕೊಳ್ಳಲು ಆಂಟಿ ಕತ್ತರಿ ಹಿಡಿದಿದ್ದರು.

“ಕೆಮ್ಮಿನ ಕಷಾಯ ಕಣೆ ಇದು. ಲೈಬ್ರರಿಯವರಿಗೇನು ಕೆಮ್ಮಾ?”

ಹಾಳೆಯ ಹಿಂಬದಿಯಲ್ಲಿ ಸುಣ್ಣ, ಮರಳಿನ ಅಳತೆಯಿತ್ತು.

“ಆಂಟಿ, ಇದು ಗಾರೆಗೆ ಬೆರೆಸೋ ನೀರು. ಕಲ್ಲು ಕಚ್ಚಿಕೊಳ್ಳಲಿ ಅಂತ.”

ಅವರು ಕತ್ತರಿ ಕೆಳಗಿಟ್ಟರು. “ಆರು ವರ್ಷದಿಂದ ಕುಡೀತಿದ್ದೀನಲ್ಲೇ. ಅದಕ್ಕೇ ಇಷ್ಟು ಗಟ್ಟಿಯಾಗಿದ್ದೀನಿ ಬಿಡು.”

ಮರುದಿನ ಬೆಳಿಗ್ಗೆ ನೋಟ್‌ಬುಕ್ಕನ್ನು ಇಡಿಯಾಗಿ ಕಾರಿನಲ್ಲಿಟ್ಟೆ. ಹೊರಡುವ ಮುನ್ನ ಆಂಟಿ ಕೊಟ್ಟ ಕಷಾಯವನ್ನೂ ಪೂರ್ತಿ ಕುಡಿದೆ.