ತಿಪ್ಪೆ ಹಿಡಿದಿದ್ದ ಜಾಗ

ನಮ್ಮೂರು ಹೊಸ ಅಗ್ರಹಾರದಿಂದ ನಡೆದು ಹೋಗುವಷ್ಟು ದೂರ. ಸುತ್ತ ನಾಲೆ ನೀರಿನ ಗದ್ದೆ, ನಡುವೆ ಒತ್ತೊತ್ತಾಗಿ ಮನೆಗಳು. ಮನೆ ಕಟ್ಟಲು ಸರ್ಕಾರ ಗುರುತಿಸಿದ್ದು ಆ ನಡುವಿನ ಗ್ರಾಮಠಾಣವನ್ನು ಮಾತ್ರ. ತೊಂಬತ್ತರ ದಶಕದ ಹೊತ್ತಿಗೆ ಅದು ತುಂಬಿಹೋಗಿತ್ತು. ಗದ್ದೆಯಲ್ಲಿ ಕಟ್ಟುತ್ತೇವೆಂದರೆ ತಾಲ್ಲೂಕು ಕಚೇರಿಯವರು ಒಪ್ಪುತ್ತಿರಲಿಲ್ಲ. ಹಾಗಾಗಿ ಊರೊಳಗೆ ಉಳಿದ ಅಂಗೈಯಗಲ ಜಾಗವನ್ನೂ ಯಾರಾದರೊಬ್ಬರು ಹಿಡಿದಿಟ್ಟಿರುತ್ತಿದ್ದರು. ಹಿಡಿದದ್ದಕ್ಕೆ ಗುರುತು ತಿಪ್ಪೆ. ಒಂದು ಮಳೆಗಾಲ ಖಾಲಿ ಬಿಟ್ಟರೆ ಪಕ್ಕದವರ ತಿಪ್ಪೆ ಬಂದು ಕೂರುತ್ತಿತ್ತು.

ಹಿತ್ತಿಲಾಚೆಯ ನಮ್ಮ ತಿಪ್ಪೆಯ ಜಾಗವನ್ನು ತಾತ ನನ್ನ ತಮ್ಮನಿಗೆಂದು ಇಟ್ಟಿದ್ದರು. ಅವನಾಗ ಐದನೇ ಕ್ಲಾಸು. ಸುರಿಯುವ ಮೂಗು ಒರೆಸಿಕೊಳ್ಳಲು ಬಾರದವನಿಗೆ ಮನೆಯ ಜಾಗ ಸಿದ್ಧವಾಗಿತ್ತು! ದಿನಾ ಬೆಳಗ್ಗೆ ಕೊಟ್ಟಿಗೆ ಬಾಚಿ, ಸಗಣಿಯನ್ನು ಮಂಕರಿಯಲ್ಲಿ ಹೊತ್ತು ಅಲ್ಲಿಗೆ ಸುರಿಯುತ್ತಿದ್ದವಳು ಅತ್ತೆ, ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಹಜಾರದ ಮೂಲೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದಳು. ಒಂದು ಟ್ರಂಕು, ಅದರ ಮೇಲೊಂದು ಮಡಚಿದ ಕಂಬಳಿ. ನೆಂಟರು ಬಂದರೆ ಅವೂ ಕೊಟ್ಟಿಗೆಗೆ ಹೋಗುತ್ತಿದ್ದವು.

ಒಂದು ದಿನ ತಾತನಿಗೆ ಮುದ್ದೆ ಬಡಿಸುತ್ತಾ ಕೇಳಿದಳು: "ಅಪ್ಪಯ್ಯ, ತಿಪ್ಪೆ ಮಗ್ಗುಲಲ್ಲಿ ನಂಗೊಂದು ಗುಡ್ಲು ಹಾಕ್ಕೊಡಿ. ಒಲೆ ಹೂಡೋವಷ್ಟು ಜಾಗ ಸಾಕು."

"ಇಷ್ಟು ದೊಡ್ಡ ಮನೇಲಿ ನಿಂಗೇನವ್ವ ಕಮ್ಮಿಯಾಗೈತೆ? ನಾಳೆ ಐಕಳಿಗೆ ಬೇಕಾಯ್ತದೆ ಕಣವ್ವ, ಬುಡು."

ತಾತ ಪ್ರೀತಿಯಿಂದಲೇ ಅಂದರು. ಅದೇ ನನಗೆ ಇವತ್ತಿಗೂ ಸಹಿಸಲಾಗದ್ದು. ಬೈದಿದ್ದರೆ ಅತ್ತೆ ಜಗಳವಾದರೂ ಆಡುತ್ತಿದ್ದಳೇನೋ. ಆ 'ಐಕಳ', ಮನೆಮಕ್ಕಳ, ಲೆಕ್ಕದಲ್ಲಿ ಹೆಣ್ಣುಮಗಳಾದ ನಾನೂ ಇರಲಿಲ್ಲ ಎಂಬುದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು.

ಬೇಸಿಗೆಯಲ್ಲಿ ಗೊಬ್ಬರ ಗದ್ದೆಗೆ ಹೋಗುವಾಗಲೂ ತಾತ ಅಡಿಯಲ್ಲಿ ಒಂದಿಷ್ಟು ಉಳಿಸುತ್ತಿದ್ದರು. ಜಾಗ ಖಾಲಿ ಕಾಣಬಾರದು. ಅತ್ತೆ ಮಾರನೆಯ ದಿನದಿಂದಲೇ ಮತ್ತೆ ತುಂಬಿಸುತ್ತಿದ್ದಳು.

ತಾತ ಹೋದರು. ತಮ್ಮನಿಗೆ ಮದುವೆ ಗೊತ್ತಾಯಿತು, ಅಪ್ಪ ತಿಪ್ಪೆಯ ಜಾಗದಲ್ಲಿ ಪಾಯ ತೋಡಿಸಿದರು. ಗಾರೆ ಕೆಲಸದವನು ಅಪ್ಪನನ್ನು ಕರೆದು, "ಗಟ್ಟಿ ನೆಲ ಸಿಕ್ತಾ ಇಲ್ಲ ಕಣ್ರೀ, ಬರೀ ಗೊಬ್ಬರ. ಎಲ್ಲ ಎತ್ತಾಕುಸ್ಬೇಕು" ಎಂದ. ಆ ಗೊಬ್ಬರವನ್ನು ಎತ್ತಿಹಾಕಿದವರಲ್ಲಿ ಅತ್ತೆಯೂ ಒಬ್ಬಳು. ಅವಳ ಬೆನ್ನು ಆಗಲೇ ಬಾಗಿತ್ತು. ಹೊಸ ಮನೆಯಲ್ಲಿ ಎರಡು ಕೋಣೆ. ಅವಳ ಟ್ರಂಕನ್ನು ಅಲ್ಲಿಗೆ ತರುವ ಮಾತನ್ನು ಯಾರೂ ಎತ್ತಲಿಲ್ಲ.

ಗೃಹಪ್ರವೇಶಕ್ಕೆ ನಾನೂ ಹೋಗಿದ್ದೆ. ಮಾರನೆಯ ಬೆಳಗ್ಗೆ ಅತ್ತೆ ಮಂಕರಿ ಹೊತ್ತು ಬಂದಾಗ, ಅಪ್ಪ ಹೊಸ ಮನೆಯ ಪಕ್ಕದಲ್ಲಿ ಕಟ್ಟಿ ಉಳಿದಿದ್ದ ಖಾಲಿ ಮೂಲೆ ತೋರಿಸಿದರು. "ಇನ್ಮೇಲೆ ಇಲ್ಲಿಗೆ ಸುರಿಯವ್ವ. ನಾಳೆ ಮೊಮ್ಮಗ ಉಟ್ಟುದ್ರೆ ಜಾಗ ಬೇಕಲ್ಲ."

ಅತ್ತೆ ನಿಲ್ಲಲಿಲ್ಲ. ಮೂಲೆ ದಾಟಿ ಊರಾಚೆಗೆ ನಡೆದಳು. ನಾನು ಹಿಂದೆಯೇ ಓಡಿ, "ಎಲ್ಲಿಗತ್ತೆ?" ಎಂದೆ.

"ಗದ್ದೆಗೆ ಕಣವ್ವ. ಪೈರಾದ್ರೂ ತಿನ್ಲಿ. ಇನ್ನೊಬ್ರಿಗೆ ಜಾಗ ಇಡ್ದು ಇಡ್ದು ನಂಗೆ ಸಾಕಾಯ್ತು."

ಅಲ್ಲಿಂದಾಚೆ ದಿನಾ ಅಷ್ಟು ದೂರ ಹೊತ್ತಳು. ಅಪ್ಪ ಹೇಳಿದರು, ಗದರಿದರು, ಕೇಳಲಿಲ್ಲ. ಮುಂದಿನ ಮಳೆಗಾಲದಲ್ಲಿ ಆ ಮೂಲೆಗೆ ಪಕ್ಕದ ಮನೆಯವರ ತಿಪ್ಪೆ ಬಂದು ಕೂತಿತು. ಅಪ್ಪ ಬೀದಿಯಲ್ಲಿ ನಿಂತು ಕೂಗಾಡುತ್ತಿದ್ದರು. ಅತ್ತೆ ಹಜಾರದಲ್ಲಿ, ತನ್ನ ಟ್ರಂಕಿಗೆ ಒರಗಿ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.