ನಾನು ಮಾಡದ ಜಪ

ಮೊದಲು ಅಲುಗಿದ್ದು ಬಲಗೈ ಹೆಬ್ಬೆರಳು. ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ತೊಡೆಯ ಮೇಲಿದ್ದ ಕೈಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು. ಉಜ್ಜು ಅಂತ ನಾನು ಹೇಳಿರಲಿಲ್ಲ. ನಿಲ್ಲು ಅಂದರೂ ನಿಲ್ಲಲಿಲ್ಲ.

ಪಕ್ಕದಲ್ಲಿದ್ದವರು ಚಪ್ಪಲಿ ಬಿಟ್ಟು ಕೈಮುಗಿದರು. "ಇಲ್ಲೂ ಜಪ ಬಿಡಲ್ಲ ನೋಡಿ ನಮ್ಮ ಭಟ್ರು."

ನಾನು ಪುರೋಹಿತ. ಶೃಂಗೇರಿಯಿಂದ ನರಸಿಂಹರಾಜಪುರದವರೆಗೆ ಮನೆಮನೆಗೆ ಹೋಗಿ ಗೃಹಪ್ರವೇಶ, ಶ್ರಾದ್ಧ ಮಾಡಿಸುವವನು. ಬೆರಳ ಗೆಣ್ಣು ಎಣಿಸುತ್ತ ಜಪ ಮಾಡುವುದನ್ನು ಎಲ್ಲರೂ ಕಂಡವರೇ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಬರಬರುತ್ತ ನನ್ನ ಮುಖದ ನಗು ಹೋಯಿತು. ಭಟ್ಟರಿಗೆ ವೈರಾಗ್ಯ ಬಂತು ಅಂದರು. ದನಿ ಇಳಿಯಿತು, ಮಾತು ಕಡಿಮೆ ಮಾಡಿದ್ದಾರೆ ಅಂದರು. ನಿಜ ಹೇಳುತ್ತೇನೆ, ನನಗೆ ಅದು ಹಿತವಾಗಿತ್ತು. ಮೂವತ್ತು ವರ್ಷ ಗಂಟಲು ಹರಿದುಕೊಂಡು ಮಂತ್ರ ಹೇಳಿದರೂ ಸಿಗದ ಮರ್ಯಾದೆಯನ್ನು ಈ ಹಾಳು ಬೆರಳು ತಂದುಕೊಟ್ಟಿತ್ತು. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಹೆಂಡತಿ ಲಲಿತೆಯನ್ನು ಮಾತ್ರ ಏಮಾರಿಸಲಾಗಲಿಲ್ಲ. ಒಂದು ಬೆಳಿಗ್ಗೆ, ನೀರು ಬೆರೆಸಿದ್ದಕ್ಕೆ ಹಾಲಿನವನನ್ನು ಬೈಯುತ್ತಿದ್ದೆ.

"ಬಾಯಲ್ಲಿ ಬೈಗುಳ, ಬೆರಳಲ್ಲಿ ಜಪ. ಯಾವ ಮಂತ್ರ ಮಾರಾಯ್ರೆ ಅದು?" ಅಂದಳು. ನಗಲಿಲ್ಲ. "ಡಾಕ್ಟರ ಹತ್ರ ಹೋಗೋಣ."

"ಎಂತದೂ ಇಲ್ಲ, ಸುಮ್ನಿರೆ."

ಬೆರಳು ಎಣಿಸುತ್ತಲೇ ಇತ್ತು. ಏನನ್ನು ಎಣಿಸುತ್ತಿದೆಯೋ, ಎಷ್ಟಕ್ಕೆ ಮುಗಿಸುತ್ತದೋ ಎಂದು ಒಳಗೊಳಗೇ ಹೆದರಿದ್ದೆ.

ಆಮೇಲೆ ನರಸಿಂಹರಾಜಪುರದಲ್ಲಿ ಒಂದು ಗೃಹಪ್ರವೇಶ. ಮಡಿಯುಟ್ಟು, ತೀರ್ಥದ ತಂಬಿಗೆ ಹಿಡಿದು ಹೊಸಿಲಿಗೆ ಬಂದೆ.

ಕಾಲು ಏಳಲಿಲ್ಲ.

ಪಾದ ನೆಲಕ್ಕೆ ಅಂಟಿಹೋಗಿತ್ತು. ಮೈ ಮೆಲ್ಲಗೆ ಮುಂದಕ್ಕೆ ವಾಲುತ್ತಿತ್ತು. ಭಟ್ಟರು ಹೊಸಿಲಲ್ಲಿ ಧ್ಯಾನಕ್ಕೆ ನಿಂತರೆಂದು ಮನೆಯವರೆಲ್ಲ ಕೈಮುಗಿದರು. ಹಿಡೀರಿ ಅಂದೆ. ಆ ದನಿ ನನಗೇ ಕೇಳಿಸಲಿಲ್ಲ. ಮನೆಯ ಹಿರಿಯಾಕೆ ಸರೋಜಮ್ಮ ತಮ್ಮ ಮಗನನ್ನು ತಡೆದದ್ದು ಮಾತ್ರ ಸರಿಯಾಗಿ ಕೇಳಿಸಿತು: "ಮುಟ್ಬೇಡ ಮಾರಾಯ, ಭಟ್ರು ಮಡೀಲಿದಾರೆ."

ನಾಲ್ಕು ಜನ ಕೈಗೆಟಕುವಷ್ಟು ಹತ್ತಿರವಿದ್ದರು. ಮುಖ ಅಡಿಯಾಗಿ ಬಿದ್ದೆ. ಹಣೆಗೆ ಆರು ಹೊಲಿಗೆ.

ಶಿವಮೊಗ್ಗದ ನ್ಯೂರಾಲಜಿಸ್ಟ್ ಕೈಯನ್ನು ತೊಡೆಯ ಮೇಲಿಡಲು ಹೇಳಿದರು. ಬೆರಳು ಶುರುವಾಯಿತು.

"ಜಪ ಮಾಡ್ತಿದೀರಾ?"

ಲಲಿತೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ" ಅಂದೆ. ಆ ಮಾತು ಹೇಳಿದ್ದು ಅದೇ ಮೊದಲು.

ಪಾರ್ಕಿನ್ಸನ್ಸ್. ವಾಸಿಯಾಗುವುದಿಲ್ಲ, ಹಿಡಿತದಲ್ಲಿಡಬಹುದು ಅಂದರು. ಇನ್ನೂ ಮುಂಚೆ ಬರಬೇಕಿತ್ತು ಅಂತಲೂ ಅಂದರು.

ಈಗ ಮಾತ್ರೆ ನುಂಗಿದರೆ ಮೂರು ತಾಸು ಬೆರಳು ಸುಮ್ಮನಿರುತ್ತದೆ. ಕಳೆದ ವಾರ ಸತ್ಯನಾರಾಯಣ ಪೂಜೆಗೆ, ನಾನು ಬಿದ್ದಿದ್ದ ಅದೇ ಮನೆಗೆ ಹೋಗಿದ್ದೆ. ಸರೋಜಮ್ಮ ನನ್ನ ಕೈ ನೋಡಿ ಮುಖ ಸಣ್ಣ ಮಾಡಿಕೊಂಡರು.

"ಜಪ ಬಿಟ್ರಾ ಭಟ್ರೆ?"

"ಅದು ಜಪ ಅಲ್ಲ ಅಮ್ಮ, ಕಾಯಿಲೆ. ಗೊತ್ತಿದ್ದೂ ನಾನು ಹೇಳ್ಲಿಲ್ಲ." ಎದುರಿಗೆ ಅದೇ ಹೊಸಿಲು. ಈ ಸಲವೂ ಮಡಿಯಲ್ಲೇ ಇದ್ದೆ. "ಈಗ ದಾಟ್ಬೇಕು. ಸ್ವಲ್ಪ ಕೈ ಹಿಡ್ಕೊಳ್ಳಿ."

ಅವರು ಹಿಂಜರಿದರು. ಮಗನ ಮುಖ ನೋಡಿದರು. ಮಾತ್ರೆಯ ಹೊತ್ತು ಮುಗಿಯುತ್ತ ಬಂದಿತ್ತು. ಹೆಬ್ಬೆರಳು ಮತ್ತೆ ಎಣಿಸತೊಡಗಿತು. ಸರೋಜಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಆ ಕೈಯನ್ನೇ ಗಟ್ಟಿಯಾಗಿ ಹಿಡಿದರು.

ಬಲಗಾಲು ಎದ್ದಿತು.